ಬ್ಯಾಗಿನಂಗಡಿಯ ಒಪ್ಪಂದ

“ನಿಮ್ಮಲ್ಲಿ ಒಬ್ಬರು ಅಂಗಡಿ ಬಿಡಬೇಕಾಗಿ ಬಂದ್ರೆ ಏನ್ಮಾಡ್ತೀರಿ?” ವಕೀಲರು ಪೆನ್ನಿನ ಮುಚ್ಚಳ ತೆಗೆಯುತ್ತ ಕೇಳಿದರು.

“ಬಿಡೋ ಮಾತೆಲ್ಲಿಂದ ಬಂತು?” ಅಮ್ಮ ನಕ್ಕಳು. “ಇವಳು ನನ್ನ ಒಡಹುಟ್ಟಿದ ತಂಗಿ. ಸುಮ್ನೆ ಇಬ್ರಿಗೂ ಸಮಪಾಲು ಅಂತ ಬರೀರಿ ಮೇಡಂ, ಸಾಕು.”

ಚಿಕ್ಕಮ್ಮ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು.

ಮೂಲೆಯ ಬೆಂಚಿನಲ್ಲಿ ಕೂತಿದ್ದ ಮಗಳು ರೇಡಿಯೋ ಚಿಕ್ಕಮ್ಮನತ್ತಲೇ ನೋಡುತ್ತಿದ್ದಳು. ಐದನೇ ಕ್ಲಾಸಿನ ಈ ಹುಡುಗಿ ಬಾಯಿ ಮುಚ್ಚುವವಳೇ ಅಲ್ಲ, ಅದಕ್ಕೇ ಮನೆಯಲ್ಲಿ ಆ ಹೆಸರು. ಆದರೆ ಕೆಲವು ದಿನಗಳಿಂದ ಮಾತನ್ನು ಅಳೆದು ತೂಗಿ ಆಡುತ್ತಿದ್ದಳು.

ಚಿಕ್ಕಪ್ಪ ಫೋನಿನಲ್ಲಿ ಹೇಳುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು. ಬರುವ ವರ್ಷ ಅವನಿಗೆ ಬೇರೆ ಊರಿಗೆ ಟ್ರಾನ್ಸ್‌ಫರ್ ಆಗಬಹುದಂತೆ. “ಅಮ್ಮನಿಗೆ ಹೇಳ್ಬೇಡ ಕಣೇ. ಕೇಳಿದ್ರೆ ಅಂಗಡೀನೇ ಬೇಡ ಅಂದ್ಬಿಡ್ತಾಳೆ,” ಎಂದು ಚಿಕ್ಕಮ್ಮ ಅವಳ ಕೈ ಹಿಡಿದುಕೊಂಡಿದ್ದಳು.

ಅಂದಿನಿಂದ ಅಮ್ಮ ಎದುರಾದರೆ ಸಾಕು, ಗುಟ್ಟು ನಾಲಿಗೆಯ ತುದಿಗೆ ಬಂದು ಕೂರುತ್ತಿತ್ತು. ಹೇಳಿದರೆ ಚಿಕ್ಕಮ್ಮನಿಗೆ ಮೋಸ. ಹೇಳದಿದ್ದರೆ ಅಮ್ಮನಿಗೆ.

“ಅಕ್ಕತಂಗೀರು ಅಂತಲೇ ಕೇಳ್ತಿರೋದು,” ವಕೀಲರು ಹೇಳಿದರು. “ಹೊರಗಿನವರಾದ್ರೆ ಮುಖಕ್ಕೆ ಹೊಡೆದ ಹಾಗೆ ಹೇಳ್ತಾರೆ. ನಿಮ್ಮಂಥವರು ದಾಕ್ಷಿಣ್ಯಕ್ಕೆ ಬಾಯಿ ಕಟ್ಕೊಂಡು ಕೂರ್ತೀರಿ. ಅಂಗಡಿ ಬಾಡಿಗೆಗೆ ಇಬ್ಬರೂ ಸೈನ್ ಮಾಡಿದೀರಿ. ಒಬ್ಬರು ಹೋದ್ರೆ ಕಟ್ಟೋರು ಯಾರು? ಹೊಲಿಗೆ ಮೆಷೀನು ಯಾರಿಗೆ?”

ರೇಡಿಯೋ ಮೆಲ್ಲಗೆ ಎದ್ದು ಬಂದು ಚಿಕ್ಕಮ್ಮನ ಕುರ್ಚಿಗೆ ಒತ್ತಿ ನಿಂತಳು. “ನೀನೇ ಹೇಳು ಚಿಕ್ಕಮ್ಮ,” ಎಂದು ಪಿಸುಗುಟ್ಟಿದಳು. ಅವಳ ಪಿಸುಮಾತು ಪಕ್ಕದ ಕೋಣೆಗೂ ಕೇಳುವಂಥದ್ದು.

“ಏನು ಹೇಳೋದು?” ಅಮ್ಮನ ನಗು ನಿಂತಿತು.

ಚಿಕ್ಕಮ್ಮ ತಡವರಿಸುತ್ತ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ತುಂಬಿತ್ತು.

ಅಮ್ಮ ಕುರ್ಚಿಯನ್ನು ತಂಗಿಯ ಕಡೆಗೆ ತಿರುಗಿಸಿದಳು. ರೇಡಿಯೋ ಅಮ್ಮನ ಮುಖ ನೋಡಿದಳು.

“ಓಹೋ, ಅದಕ್ಕೇ ನಿನ್ನೆ ಬ್ಯಾಗಿನ ಜೇಬನ್ನ ತಲೆಕೆಳಗೆ ಹೊಲಿದಿದ್ದಾ?” ಅಂದಳು ಅಮ್ಮ.

ಚಿಕ್ಕಮ್ಮ ಅಳುತ್ತಲೇ ನಕ್ಕುಬಿಟ್ಟಳು.

“ನೀನು ಹೋದ್ರೆ ನನಗೆ ಕಷ್ಟಾನೇ,” ಅಮ್ಮ ಮುಂದುವರಿಸಿದಳು. “ಆದ್ರೆ ಮೊದಲೇ ಗೊತ್ತಿದ್ರೆ ಬೇರೆ ಯಾರನ್ನಾದ್ರೂ ಹುಡುಕ್ಕೋಬಹುದು. ಬರೀರಿ ಮೇಡಂ. ಬಿಡೋರು ಮೂರು ತಿಂಗಳು ಮುಂಚೆ ಹೇಳ್ಬೇಕು. ಅಲ್ಲೀತನಕ ಬಾಡಿಗೆ ಇಬ್ರದ್ದು.”

“ನನ್ನ ಮೆಷೀನು ನಾನು ತಗೊಂಡ್ಹೋಗ್ತೀನಿ.”

“ತಗೊಂಡ್ಹೋಗು. ದೊಡ್ಡ ಕತ್ತರಿ ಮಾತ್ರ ಮುಟ್ಬೇಡ, ಅದು ನಂದು.”

“ಅದು ನಂದು ಅಕ್ಕ.”

“ಕತ್ತರೀನೂ ಬರೆಯೋಣ,” ಎಂದು ವಕೀಲರು ಹಾಳೆ ತಿರುಗಿಸಿದರು.

ಹೊರಗೆ ಬಂದಾಗ ಬೀದಿಯಲ್ಲಿ ಸಂಜೆಯ ಬಿಸಿಲಿತ್ತು. ಅಮ್ಮ ರೇಡಿಯೋ ಪಕ್ಕಕ್ಕೆ ಬಂದಳು.

“ನಿನಗೆ ಮೊದಲೇ ಗೊತ್ತಿತ್ತಾ?”

ರೇಡಿಯೋ ಹೌದೆಂದು ತಲೆಯಾಡಿಸಿದಳು. ಬೈಗುಳಕ್ಕೆ ಕಾದಳು. ಅಮ್ಮ ಬೈಯಲಿಲ್ಲ. ಅವಳ ಬೆನ್ನ ಮೇಲಿದ್ದ ಸ್ಕೂಲ್ ಬ್ಯಾಗನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು.

ಮುಂದೆ ಹೋಗುತ್ತ ಅಕ್ಕತಂಗಿಯರು ಅಂಗಡಿಯ ಬೋರ್ಡಿಗೆ ಯಾವ ಬಣ್ಣವೆಂದು ವಾದಕ್ಕಿಳಿದರು. ಹಸಿರು ಅಂತ ಒಬ್ಬಳು, ನೀಲಿ ಅಂತ ಇನ್ನೊಬ್ಬಳು. ದನಿ ಏರುತ್ತಲೇ ಹೋಯಿತು. ಬೇರೆ ದಿನವಾಗಿದ್ದರೆ ರೇಡಿಯೋ ಓಡಿಹೋಗಿ ನಡುವೆ ನುಗ್ಗುತ್ತಿದ್ದಳು.

ಇಂದು ಹಾಗನಿಸಲಿಲ್ಲ. ಕೈ ಬೀಸಿಕೊಂಡು, ನಿಧಾನವಾಗಿ ಅವರ ಹಿಂದೆ ನಡೆದಳು.