ಒಂದು ಹಂಚಿನಷ್ಟು ಆಕಾಶ

ನನ್ನ ತಲೆಯ ಮೇಲೆ ಒಂದು ಹಂಚು ಸರಿಯಿತು. ಅಟ್ಟದ ಕತ್ತಲೆಗೆ ಒಂದು ಹಂಚಿನಷ್ಟು ಆಕಾಶ ಇಳಿದು ಬಂತು. ಅದರ ಹಿಂದೆಯೇ ಒಂದು ಮುಖ.

"ಬರ್ಕೊಳ್ಳಿ ಮೇಡಂ. ಮೊದಲನೇ ಸಾಲು, ಮೊದಲನೇದು. ಹೋಗಿದೆ."

"ಇಷ್ಟು ಬೇಗನಾ? ನೀವು ಸರಿಯಾಗಿ ನೋಡಲೇ ಇಲ್ಲ."

"ಹಂಚನ್ನ ನೋಡಬಾರದು, ಕೇಳಬೇಕು," ಎಂದ ಮೇಸ್ತ್ರಿ. ಹಾಗೆನ್ನುತ್ತ ನನ್ನ ತುಟಿಗಳನ್ನೇ ನೋಡುತ್ತಿದ್ದ.

ಕೆನ್ನೆ ಬಿಸಿಯಾಯಿತು. ನಲವತ್ತು ತುಂಬಿದ ಕೆನ್ನೆ ಅದು. ಎಷ್ಟೋ ವರ್ಷದಿಂದ ಅದಕ್ಕೆ ಆ ಕೆಲಸವೇ ಮರೆತುಹೋಗಿತ್ತು. ನಾನು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ 'ಹೋಗಿದೆ' ಎಂದು ಬರೆದೆ.

ಅವನ ಕೆಲಸದ ರೀತಿಯೇ ಬೇರೆ. ಹಂಚನ್ನು ಸಾಲಿನಿಂದ ಬಿಡಿಸಿ, ಒಂದು ಮೂಲೆಯನ್ನು ಎರಡೇ ಬೆರಳಲ್ಲಿ ಹಿಡಿದು ತೂಗಿಬಿಟ್ಟು, ಇನ್ನೊಂದು ಕೈಯ ಗೆಣ್ಣಿನಿಂದ ಮೆಲ್ಲಗೆ ಹೊಡೆಯುತ್ತಿದ್ದ. ಜೀವವಿರುವ ಹಂಚು ಗಂಟೆಯಂತೆ ನುಡಿಯುತ್ತದೆ. ಒಳಗೆ ಬಿರುಕು ಬಿಟ್ಟದ್ದು ಮರದ ತುಂಡಿನಂತೆ 'ಬದ್' ಎನ್ನುತ್ತದೆ. ಹೀಗೆ ಒಂದೊಂದನ್ನೂ ಕೇಳಿ, ಇದೆ ಅಥವಾ ಹೋಗಿದೆ ಎಂದು ಅವನು ಕೂಗಬೇಕು, ಕೆಳಗೆ ಅಟ್ಟದಲ್ಲಿ ಕೂತು ನಾನು ಬರೆಯಬೇಕು. ಅದಕ್ಕೆಂದೇ ಒಂದು ವಾರ ರಜೆ ಹಾಕಿದ್ದೆ.

ಅರ್ಧಕ್ಕಿಂತ ಹೆಚ್ಚು ಹಂಚು ಹೋಗಿದ್ದರೆ ಸೂರನ್ನೇ ಇಳಿಸಿ ತಗಡಿನ ಶೀಟ್ ಹಾಕಿಸುವುದು, ಇಲ್ಲದಿದ್ದರೆ ರಿಪೇರಿ. ಇದು ನನಗೂ ಚಿಕ್ಕಮ್ಮನಿಗೂ ಆದ ಒಪ್ಪಂದ. ಈ ಮನೆಯಲ್ಲಿ ಇರುವವರು ನಾವಿಬ್ಬರೇ, ಮನೆಯೂ ಇಬ್ಬರಿಗೂ ಸೇರಿದ್ದು. ಸೋರುವುದು ಮಾತ್ರ ಅವಳೊಬ್ಬಳ ದಿಂಬಿನ ಮೇಲೆ. "ನನ್ನ ಮಂಚ ಈ ಮನೆಗೆ ನಾಲ್ಕು ಪ್ರದಕ್ಷಿಣೆ ಹಾಕಿದೆ ಕಣೆ. ಇನ್ನು ನನ್ನ ಕೈಲಾಗಲ್ಲ," ಎಂದು ಶೀಟ್ ಕಂಪನಿಗೆ ತಾನೇ ಮಾತಾಡಿದ್ದಳು. ಗುರುವಾರ ಸಂಜೆ ಆರರೊಳಗೆ ಹೂಂ ಎಂದರೆ ಶನಿವಾರ ಲಾರಿ ಬರುತ್ತದೆ.

ನನಗೆ ಆ ಸೂರು ಬೇಕಾಗಿತ್ತು. ಅಮ್ಮ ದಿನಾ ಬೆಳಗ್ಗೆ ಅದರ ಕೆಳಗೆ ಕೂತು ಕಾವ್ಯ ಓದುತ್ತಿದ್ದಳು. ದೇವರಿಗೆಂದೇ ಓದುತ್ತಿದ್ದಳು, ಆದರೆ ದೇವರಿಗಿಂತ ಮೊದಲು ಹಂಚಿಗೆ ಕೇಳಿಸುತ್ತಿತ್ತು. ಅವಳ ಸ್ವರ ಮೇಲೇರಿ, ಅಲ್ಲಿ ತಾಗಿ, ತುಸು ಮೆತ್ತಗಾಗಿ ಮತ್ತೆ ನಮ್ಮ ಮೇಲೆ ಇಳಿಯುತ್ತಿತ್ತು. ಅರ್ಥವಾಗುವ ವಯಸ್ಸಿಗೆ ಮೊದಲೇ ಕೇಳುವುದನ್ನು ಕಲಿತೆ. ಮುಂದೆ ಅದೇ ಅನ್ನವಾಯಿತು: ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷಿಸುವವಳು ನಾನು. ಅಮ್ಮ ಹೋಗಿ ಆರು ವರ್ಷ. ಶೀಟಿನ ಕೆಳಗೆ ಅವಳ ಓದನ್ನು ನೆನೆಯಲು ನನ್ನಿಂದ ಆಗುತ್ತದೆಯೇ ಎಂಬುದೇ ನನ್ನ ಭಯ.

ಮೂರನೇ ಸಾಲಿನ ಹೊತ್ತಿಗೆ ಧೈರ್ಯ ಮಾಡಿ ಕೇಳಿದೆ. "ನೀವು ನಮ್ಮ ಸ್ಕೂಲಲ್ಲಿದ್ದ ಗುಬ್ಬಿ ಅಲ್ವಾ?"

ಹಂಚಿನ ಕಿಂಡಿಯಲ್ಲಿ ನಗು ಹರಡಿತು. "ಈಗ ನೆನಪಾಯ್ತಾ, ಕಂಠಪಾಠ?"

ಆ ಹೆಸರನ್ನು ಕೇಳಿ ಇಪ್ಪತ್ತೈದು ವರ್ಷವಾಗಿತ್ತು. ಪದ್ಯವೆಂದರೆ ಇಡೀ ತರಗತಿ ನನ್ನತ್ತ ತಿರುಗುತ್ತಿತ್ತು, ಅದಕ್ಕೇ ಆ ಹೆಸರು. ಅವನದು ಬಿಡಿ, ಯಾವಾಗ ನೋಡಿದರೂ ಗೋಡೆಯ ಮೇಲೋ ಮರದ ಮೇಲೋ.

"ಪದ್ಯಗಳು ಇನ್ನೂ ಬಾಯಿಗೆ ಬರ್ತಾವಾ?"

"ಬರ್ತಾವೆ. ನಿಮಗೆ?"

"ನನಗೆ ಆಗಲೂ ಬರ್ತಿರಲಿಲ್ಲ. ನೀವು ಹೇಳ್ತಿದ್ರಿ, ನಾನು ಹಿಂದಿನ ಬೆಂಚಲ್ಲಿ ಬರೀ ಬಾಯಿ ಆಡಿಸ್ತಿದ್ದೆ. ಮೇಷ್ಟ್ರು, ಪಾಪ, ನನಗೂ ಮಾರ್ಕ್ಸ್ ಕೊಟ್ರು."

"ಕಳ್ಳ! ಮನೇಲಿ ಹೆಂಡತಿ ಮುಂದೂ ಹೀಗೇ ಬಾಯಿ ಆಡಿಸ್ತೀರಾ?"

"ಹೆಂಡತಿ ಎಲ್ಲಿ? ನಾನು ಯಾವಾಗಲೂ ಸೂರಿನ ಮೇಲೆ. ಏಣಿ ಹತ್ತಿ ಬರೋರು ಯಾರೂ ಸಿಗಲಿಲ್ಲ."

ಅವನು ಹಂಚನ್ನು ಮತ್ತೆ ಸರಿಸಿ ಮುಚ್ಚಿದ. ಆಕಾಶ ಹೋಯಿತು. ಕತ್ತಲೆಯಲ್ಲಿ ನಾನೊಬ್ಬಳೇ ನಗುತ್ತ ಕೂತೆ.

ಮಂಗಳವಾರ ಬೆಳಗ್ಗೆ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತೆ. ಚಿಕ್ಕಮ್ಮ ಬಾಗಿಲಲ್ಲೇ ತಡೆದಳು. "ಅಟ್ಟಕ್ಕೆ ಹೋಗೋಕೆ ಇಸ್ತ್ರಿ ಬಟ್ಟೆ ಯಾಕೆ? ಅಲ್ಲಿರೋ ಜೇಡಗಳು ನಿನ್ನ ನೋಡೋಕೆ ಬಂದಿದಾವಾ?"

"ಸುಮ್ನಿರು ಚಿಕ್ಕಮ್ಮ."

"ನಾನು ಸುಮ್ನೇ ಇದೀನಮ್ಮ. ಜೇಡ ಒಳ್ಳೇ ಮನೆತನದ್ದಾ ಅಂತ ವಿಚಾರಿಸ್ದೆ, ಅಷ್ಟೇ."

ಅಂದೂ ಅವನ ಕಣ್ಣು ನನ್ನ ತುಟಿ ಬಿಡಲಿಲ್ಲ. ನಾನು ಮಾತಾಡಿದಾಗಲೆಲ್ಲ ಕೆಲಸ ನಿಲ್ಲಿಸಿ, ಕಿಂಡಿಗೆ ಮುಖವಿಟ್ಟು, ಎಲ್ಲಿ ಒಂದಕ್ಷರ ತಪ್ಪಿಹೋಗುತ್ತದೋ ಎನ್ನುವಂತೆ ನೋಡುತ್ತಿದ್ದ. ಅಷ್ಟು ಗಮನ ನನಗೆ ಯಾರೂ ಕೊಟ್ಟಿರಲಿಲ್ಲ. ನೋಟ್‌ಬುಕ್ಕಿನಲ್ಲಿ 'ಹೋಗಿದೆ'ಗಳು ಉದ್ದಕ್ಕೆ ಬೆಳೆಯುತ್ತಿದ್ದವು. ಒಂದೆರಡು ಸಲ ಹಂಚು ಚೆನ್ನಾಗಿ ನುಡಿದಂತೆ ಕೇಳಿಸಿತು. ನನ್ನದು ಮನುಷ್ಯರ ಕಿವಿ ನೋಡುವ ಕೆಲಸ, ಹಂಚಿನ ವಿಷಯ ಅವನಿಗೆ ಗೊತ್ತು ಎಂದು ಸುಮ್ಮನಾದೆ.

ಮಧ್ಯಾಹ್ನ ಪೆನ್ಸಿಲ್ ಜಾರಿ ಜಂತೆಯ ಹಿಂದೆ ಉರುಳಿತು. ಅದನ್ನು ಹುಡುಕುತ್ತ, ಅವನಿಗೆ ಬೆನ್ನು ಮಾಡಿಕೊಂಡೇ ಕೇಳಿದೆ. "ನೀರು ಬೇಕಾ?"

ಉತ್ತರವಿಲ್ಲ.

"ರೀ, ನೀರು ಬೇಕಾ ನಿಮಗೆ?"

ಇಲ್ಲ. ಪೆನ್ಸಿಲ್ ಸಿಕ್ಕ ಮೇಲೆ ತಿರುಗಿ, ಬೆಳಕಿಗೆ ಮುಖವೊಡ್ಡಿ, ಮೊದಲಿನದೇ ದನಿಯಲ್ಲಿ ಮತ್ತೆ ಕೇಳಿದೆ.

"ಬೇಕು ಬೇಕು," ಎಂದ ತಕ್ಷಣ. "ಗಂಟಲು ಒಣಗಿ ಹೋಗಿದೆ. ಕೇಳಲೇ ಇಲ್ವಲ್ಲ ನೀವು."

ಕೈಯಲ್ಲಿದ್ದ ಪೆನ್ಸಿಲ್ ಅಲ್ಲೇ ನಿಂತಿತು.

ಬೇರೆ ಯಾರಾದರೂ ನನ್ನ ಎದುರಿನ ಕುರ್ಚಿಯಲ್ಲಿ ಕೂತಿದ್ದರೆ ಅರ್ಧ ನಿಮಿಷದಲ್ಲಿ ಹಿಡಿಯುತ್ತಿದ್ದೆ. ಕಿವಿ ಮಂದವಾದವರು ತುಟಿ ಓದುತ್ತಾರೆ. ಅದು ನನ್ನ ಕಸುಬಿನ ಮೊದಲ ಪಾಠ. ಎರಡು ದಿನ ಅದನ್ನೇ ಎದುರಿಟ್ಟುಕೊಂಡು ಬೇರೇನೋ ಅಂದುಕೊಂಡಿದ್ದೆ. ಬೇರೇನೋ ಆಗಿರಲಿ ಎಂಬ ಆಸೆ ಇತ್ತಲ್ಲ!

ಅವನು ಮುಂದಿನ ಹಂಚನ್ನು ಹೊಡೆದ. ಅದು ಸಣ್ಣಗೆ, ಸ್ಪಷ್ಟವಾಗಿ, ಬಹಳ ಹೊತ್ತು ನುಡಿಯಿತು.

"ಹೋಗಿದೆ," ಎಂದ.

ನಾನು ಪಕ್ಕದಲ್ಲೊಂದು ಗೆರೆ ಎಳೆದು, ನನ್ನದೇ ಸಾಲು ಶುರು ಮಾಡಿ, 'ಇದೆ' ಎಂದು ಬರೆದೆ. ಸಂಜೆಯವರೆಗೆ ತೊಂಬತ್ತು ಹಂಚು ಕೇಳಿದೆ. ಅವನ ಲೆಕ್ಕದಲ್ಲಿ ಎಪ್ಪತ್ತೆಂಟು ಹೋಗಿದ್ದವು. ನನ್ನ ಲೆಕ್ಕದಲ್ಲಿ ಆರು.

ಅವನು ಹೋದ ಮೇಲೆ ದೇವರ ಮುಂದೆ ಕೂತೆ. ಸೂರು ಉಳಿಸು ಎಂದು ಕೇಳಿಕೊಳ್ಳಲು ಬಂದವಳಿಗೆ ಮಾತು ಹೊರಡಲಿಲ್ಲ. ಬಾಯಿ ಬಿಟ್ಟರೆ ಸೂರು ಉಳಿಯುತ್ತದೆ, ಅವನ ಕಸುಬು ಮುರಿಯುತ್ತದೆ. ಮುಚ್ಚಿಕೊಂಡರೆ ಅವನ ಮಾನ ಉಳಿಯುತ್ತದೆ, ಅಮ್ಮನನ್ನು ಕೇಳಿಸಿಕೊಂಡ ಹಂಚುಗಳೆಲ್ಲ ಹಿತ್ತಿಲಲ್ಲಿ ಪುಡಿಯಾಗುತ್ತವೆ. ಎರಡರಲ್ಲಿ ಯಾವುದನ್ನು ಕಳೆದುಕೊಳ್ಳಲಿ ಎಂದು ದೇವರನ್ನೇ ಕೇಳಿದೆ. ಅವನು ಯಾವತ್ತಿನ ಹಾಗೆ, ಕೇಳಿಸಿಕೊಂಡ ಅಷ್ಟೇ.

ಬುಧವಾರ ನಾನು ಏಣಿ ಹತ್ತಿದೆ.

ಸೂರಿನ ನೆತ್ತಿಯ ಮೇಲೆ ಕೂತಿದ್ದವನು ಗಾಬರಿಯಾದ. "ಅಯ್ಯೋ, ನೀವ್ಯಾಕೆ ಬಂದ್ರಿ? ಬೀಳ್ತೀರಿ!"

"ಹಿಡ್ಕೊಳ್ಳಿ ಮತ್ತೆ."

ಅವನು ಕೈ ನೀಡಿದ. ಒರಟು ಕೈ, ಬಿಸಿಲಿಗೆ ಕಾದದ್ದು. ಪಕ್ಕದಲ್ಲಿ ಕೂತ ಮೇಲೂ ಕೈ ಬಿಡಲು ಇಬ್ಬರೂ ಸ್ವಲ್ಪ ತಡಮಾಡಿದೆವು.

ಅವನ ಎದುರಿಗೇ ತಿರುಗಿ ಕೂತು, ಒಂದು ಹಂಚನ್ನು ಬಿಡಿಸಿ ಕೊಟ್ಟೆ. "ಹೊಡೀರಿ."

ಹೊಡೆದ. "ಹೋಗಿದೆ."

"ಇನ್ನೊಂದು ಸಲ. ಈ ಸಲ ಕಿವಿಯಿಂದ ಬೇಡ. ಹಿಡ್ಕೊಂಡಿದೀರಲ್ಲ, ಆ ಬೆರಳಿಂದ ಕೇಳಿ."

ಅವನಿಗೆ ಅರ್ಥವಾಗಲಿಲ್ಲ. ಆದರೂ ಹೊಡೆದ. ಹಂಚು ನುಡಿಯುತ್ತಲೇ ಇತ್ತು. ಅವನ ಹುಬ್ಬು ಗಂಟಿಕ್ಕಿತು, ಆಮೇಲೆ ನಿಧಾನವಾಗಿ ಬಿಚ್ಚಿತು.

"ನಡುಗ್ತಾ ಇದೆ," ಎಂದ.

ಅಟ್ಟದಿಂದ ತಂದಿದ್ದ, ನಿಜಕ್ಕೂ ಸೀಳಿದ್ದ ಇನ್ನೊಂದನ್ನು ಕೊಟ್ಟೆ. ಅದನ್ನೂ ಹೊಡೆದ. ಬೆರಳಿಗೆ ಏನೂ ತಾಗಲಿಲ್ಲ.

ಎರಡೂ ಹಂಚುಗಳನ್ನು ತೊಡೆಯ ಮೇಲಿಟ್ಟುಕೊಂಡ. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಮಾಡಿದರು. ಅವನು ತಿರುಗಲಿಲ್ಲ. ಅದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವನೂ ನೋಡಿದ.

"ಹತ್ತು ವರ್ಷ ಶೀಟ್ ಕತ್ತರಿಸೋ ಮೆಷಿನ್ ಹಿಡಿದೆ," ಎಂದ. "ಹಂಚಿನ ಕೆಲಸ ಕಮ್ಮಿ ಆಗಿತ್ತು. ದಿನವೆಲ್ಲ ಕಿವಿ ಪಕ್ಕದಲ್ಲೇ ಅದರ ಕಿರಿಚಾಟ. ಜನ ಗುಸುಗುಸು ಮಾತಾಡೋದು ಜಾಸ್ತಿ ಆಗಿದೆ ಅಂದ್ಕೊಂಡೆ. ಹಂಚೆಲ್ಲ ಹಾಳಾಗ್ತಿವೆ ಅಂದ್ಕೊಂಡೆ." ಬೆರಳು ಮಡಿಸುತ್ತ ಹೋದ. "ಎರಡು ವರ್ಷದಲ್ಲಿ ಐದು ಮನೆ. ನನ್ನ ಮಾತು ನಂಬಿ ಐದು ಮನೆಯವರು ಸೂರು ಇಳಿಸಿದ್ರು."

ಹೇಳಬಾರದ್ದೇ ಬಾಯಿಗೆ ಬಂತು. "ನನ್ನ ತುಟೀನೇ ಯಾಕೆ ನೋಡ್ತಿದ್ರಿ ಅಂತ ನಿನ್ನೆ ಗೊತ್ತಾಯ್ತು."

ಅವನು ಮುಖ ಆಚೆ ತಿರುಗಿಸಿದ. "ಎಲ್ಲರ ತುಟೀನೂ ನೋಡ್ತೀನಿ. ಮಾತು ಅರ್ಥ ಆಗ್ಲಿ ಅಂತ." ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ ಮೇಲೆ ಮುಂದುವರಿಸಿದ. "ನಿಮ್ಮದನ್ನ ಅರ್ಥ ಆದ ಮೇಲೂ ನೋಡ್ತಿದ್ದೆ."

ಇಳಿದು ಹೋಗಿಯೇಬಿಟ್ಟ. ನಾನು ಸೂರಿನ ನೆತ್ತಿಯಲ್ಲಿ, ಇಳಿಯುವುದು ಹೇಗೆಂದು ತಿಳಿಯದೆ ಕೂತಿದ್ದೆ. ಕೊನೆಗೆ ಚಿಕ್ಕಮ್ಮ ಕೆಳಗಿನಿಂದ ಬೈಯುತ್ತ ಬೈಯುತ್ತ ಒಂದೊಂದೇ ಮೆಟ್ಟಿಲು ಇಳಿಸಿದಳು.

ಗುರುವಾರ ಬೆಳಗ್ಗೆ ಅವನು ಬರಲಿಲ್ಲ. ಮಧ್ಯಾಹ್ನವೂ ಇಲ್ಲ. ಚಿಕ್ಕಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ನೋಟ್‌ಬುಕ್ ತೋರಿಸಿ ನನ್ನ ಸಾಲನ್ನು ವಿವರಿಸಿದೆ.

"ನಿನ್ನ ಕಿವಿ ದೊಡ್ಡದೇ ಕಣೆ, ಇಲ್ಲ ಅನ್ನಲ್ಲ," ಎಂದಳು, ಎಂದಿಗಿಂತ ಮೆತ್ತಗೆ. "ಆದರೆ ನಿನಗೆ ಈ ಸೂರು ಅಂದ್ರೆ ಅಕ್ಕ. ಅಕ್ಕ ಹೋಗಿದಾಳೆ ಅಂತ ನೀನು ಬರೀತೀಯಾ? ಮೇಸ್ತ್ರಿ ಬಂದು ತಾನೇ ಹೇಳಲಿ, ಕೇಳ್ತೀನಿ. ಇಲ್ಲಾಂದ್ರೆ ಆರಕ್ಕೆ ಫೋನ್ ಮಾಡ್ತೀನಿ."

ನಾನು ಒಳಗೆ ಹೋಗಿ ಗೋಡೆಗೆ ಒರಗಿದೆ. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ.

ಐದೂಕಾಲಿಗೆ ಗೇಟು ಕಿರುಗುಟ್ಟಿತು. ಅವನ ಪ್ಯಾಂಟಿಗೆಲ್ಲ ಕೆಂಪು ಧೂಳು. ನನ್ನತ್ತ ನೋಡದೆ ನೇರವಾಗಿ ಚಿಕ್ಕಮ್ಮನ ಎದುರು ಹೋಗಿ ನಿಂತ.

"ಅಮ್ಮಾ, ನಾನು ಎರಡು ದಿನ ಹೇಳಿದ್ದೆಲ್ಲ ತಪ್ಪು. ನಿಮ್ಮ ಸೂರು ಚೆನ್ನಾಗಿದೆ. ಹೋಗಿರೋದು ನನ್ನ ಕಿವಿ."

ಚಿಕ್ಕಮ್ಮ ಫೋನನ್ನು ಬದಿಗಿಟ್ಟಳು.

"ಬೆಳಗ್ಗೆಯಿಂದ ಐದು ಮನೆಗೂ ಹೋಗಿ ಬಂದೆ. ತಪ್ಪಾಯ್ತು ಅಂದೆ. ಒಬ್ಬರು ಬಾಗಿಲು ಹಾಕ್ಕೊಂಡ್ರು. ಒಬ್ಬರು ಬಾಯಿಗೆ ಬಂದ ಹಾಗೆ ಬೈದ್ರು, ಪುಣ್ಯಕ್ಕೆ ಅರ್ಧ ಕೇಳಿಸಲಿಲ್ಲ." ಚಿಕ್ಕಮ್ಮನ ತುಟಿಯ ಅಂಚು ಅಲುಗಿತು. "ಕೊನೇ ಮನೇಲಿ ಇಳಿಸಿದ ಹಂಚನ್ನ ಗೋಡೆ ಹಿಂದೆ ಜೋಡಿಸಿ ಇಟ್ಟಿದಾರೆ. ಒಂದೊಂದನ್ನೂ ಬೆರಳಲ್ಲಿ ಹಿಡಿದು ನೋಡ್ದೆ. ಬೇಕಾದಷ್ಟು ತಗೊಂಡು ಹೋಗು ಅಂದ್ರು. ಇಲ್ಲಿ ಹೋಗಿರೋ ಕಡೆ ಅವನ್ನ ಹಾಕ್ತೀನಿ. ಮೇಡಂ ಕೇಳಲಿ, ನಾನು ಬರೀ ಹೊಡೀತೀನಿ."

"ನನ್ನ ದಿಂಬಿನ ಮೇಲಿಂದು?" ಎಂದಳು ಚಿಕ್ಕಮ್ಮ.

"ಅದು ನಿಜವಾಗ್ಲೂ ಹೋಗಿದೆ ಅಮ್ಮಾ."

"ಸದ್ಯ. ಅದೊಂದಾದ್ರೂ ಸರಿ ಹೇಳಿದ್ಯಲ್ಲ." ಚಿಕ್ಕಮ್ಮ ಫೋನ್ ಎತ್ತಿಕೊಂಡು ಶೀಟಿನವರಿಗೆ ಬೇಡವೆಂದಳು.

ಆಮೇಲಿನ ಮೂರು ವಾರಗಳನ್ನು ನಾನು ಇಂದಿಗೂ ಬೇಕೆಂದಾಗ ತೆಗೆದು ನೋಡುತ್ತೇನೆ. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಎರಡು ಗಂಟೆ, ಸಂಜೆ ಬಂದ ಮೇಲೆ ಒಂದು ಗಂಟೆ. ಅವನು ಮೇಲೆ ಹೊಡೆಯುವುದು, ನಾನು ಕೆಳಗಿನಿಂದ ಬೆಳಕಿಗೆ ಮುಖವೊಡ್ಡಿ "ಇದೆ" ಎನ್ನುವುದು. ಆರುನೂರ ನಲವತ್ತು ಹಂಚಿನಲ್ಲಿ ಹೋದದ್ದು ನಲವತ್ತೊಂದು. ಹಂಚು ಹೊರುವ ಕೊಳೆತ ರೀಪುಗಳನ್ನು ಬದಲಿಸಿದ, ನೆತ್ತಿಯ ಸಾಲಿಗೆ ಹೊಸ ಗಾರೆ ಹಿಡಿಸಿದ. ಯಾವುದೋ ಮನೆಯ ಹಂಚುಗಳು ನಮ್ಮ ಹಂಚುಗಳ ನಡುವೆ ತುಸು ತಿಳಿ ಬಣ್ಣದಲ್ಲಿ, ಹೊಸದಾಗಿ ಬಂದ ನೆಂಟರಂತೆ ಕೂತವು. ಕೊನೆಯ ದಿನ ಅವನು ಏಣಿಯನ್ನು ಹೆಗಲಿಗೇರಿಸಿ ಹೊರಟಾಗ ಬಾಗಿಲಲ್ಲಿ ನಿಂತಿದ್ದೆ. ಇನ್ನು ಅವನು ಬರಲು ಕಾರಣವೇ ಇರಲಿಲ್ಲ. ಎಲ್ಲಾದರೂ ಒಂದು ತೊಟ್ಟು ಸೋರಬಾರದೇ ಎಂದು, ದೇವರು ಕ್ಷಮಿಸಲಿ, ಒಮ್ಮೆ ಅಂದುಕೊಂಡೆ.

ಸೋಮವಾರ ಆಸ್ಪತ್ರೆಯಲ್ಲಿ ನನ್ನ ಕೋಣೆಯ ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹನ್ನೊಂದನೇ ನಂಬರಿನ ಟೋಕನ್.

"ಐದು ಮನೆ ಸಾಕು," ಎಂದ ಗುಬ್ಬಿ. "ಆರನೇದು ಆಗಬಾರದು."

ಪರೀಕ್ಷೆ ಮಾಡಿದೆ. ಮೇಲಿನ ಸ್ವರಗಳೆಲ್ಲ ಹೋಗಿದ್ದವು, ಕೆಳಗಿನವು ಉಳಿದಿದ್ದವು. ಎರಡೂ ಕಿವಿಗಳ ಹಿಂದೆ ಪುಟ್ಟ ಮೆಷಿನ್ ಕೂರಿಸುವಾಗ ಬೆರಳು ಅವನ ಕೂದಲಿಗೆ ತಾಗಿತು. ಅಲ್ಲಿ ನರೆ ಇತ್ತು. ಅವನು ತಟ್ಟನೆ ತಲೆಯೆತ್ತಿ ಮೇಲೆ ನೋಡಿದ.

"ಈ ಫ್ಯಾನು ಇಷ್ಟು ಗಲಾಟೆ ಮಾಡುತ್ತಾ?"

"ಅದು ಬಂದಾಗಿನಿಂದ ಹಾಗೇ. ಈಗ ಪದಗಳ ಟೆಸ್ಟು. ನಾನು ಹೇಳಿದ್ದನ್ನ ಹಾಗೇ ತಿರುಗಿ ಹೇಳಬೇಕು," ಎಂದು ಬಾಯಿಗೆ ಅಡ್ಡವಾಗಿ ಒಂದು ರಟ್ಟು ಹಿಡಿದೆ.

"ಇದು ಮೋಸ."

"ಇದೇ ಟೆಸ್ಟು. ಮರ."

"ಮರ."

"ಬಾಗಿಲು."

"ಬಾಗಿಲು."

"ಸಕ್ಕರೆ."

"ಸಕ್ಕರೆ."

ಇಪ್ಪತ್ತೈದು ಪದ ಮುಗಿಯಿತು. ಒಂದೂ ತಪ್ಪಲಿಲ್ಲ. ನಾನು ರಟ್ಟನ್ನು ಇಳಿಸಲಿಲ್ಲ. ದನಿಯನ್ನು ಏರಿಸಲಿಲ್ಲ, ತಗ್ಗಿಸಲೂ ಇಲ್ಲ. ಪಟ್ಟಿಯ ಇಪ್ಪತ್ತಾರನೆಯದು ಎಂಬಂತೆ ಹೇಳಿದೆ.

"ನನ್ನ ಜೊತೆ ಇದ್ದುಬಿಡು."

ಫ್ಯಾನು ಸುತ್ತುತ್ತಿತ್ತು.

"ಇದು ಲಿಸ್ಟಲ್ಲಿದೆಯಾ?" ಎಂದ.

"ಪ್ರಶ್ನೆ ಕೇಳೋ ಹಾಗಿಲ್ಲ. ಕೇಳಿಸಿದ್ದನ್ನ ಹೇಳಬೇಕು."

ಅವನು ಕೈ ಚಾಚಿ ರಟ್ಟನ್ನು ನನ್ನ ಬೆರಳುಗಳಿಂದ ಬಿಡಿಸಿ, ಮೇಜಿನ ಮೇಲೆ ಮಗುಚಿಟ್ಟ. ಆಮೇಲೆ ಒಂದೊಂದೇ ಪದವನ್ನು, ಒಡೆದೀತೆಂಬಂತೆ ಎತ್ತಿ, ತಿರುಗಿ ಹೇಳಿದ.

"ನನ್ನ ಜೊತೆ ಇದ್ದುಬಿಡು."

ಹೊರಗೆ ಹನ್ನೆರಡನೇ ಟೋಕನ್ನಿನವರು ಬಾಗಿಲು ತಟ್ಟಿದರು. ಇಬ್ಬರಿಗೂ ಚೆನ್ನಾಗಿ ಕೇಳಿಸಿತು. ಇಬ್ಬರೂ ಏಳಲಿಲ್ಲ.