ಎಡಗಡೆಯ ಕೊನೇ ಸೀಟು

ಸೂರ್ಯಕಾಂತಿ ಅರಳತೊಡಗಿ ವಾರವಾಗಿತ್ತು. ಹೊಲಗಳ ಮೇಲಿನಿಂದ ಬರುವ ಗಾಳಿಗೆ ಹಸಿ ಪರಾಗದ ಘಾಟು ಹತ್ತಿಕೊಂಡಿತ್ತು. ಇಂಥ ಹೊತ್ತಿನಲ್ಲಿ ಜೇನುಪೆಟ್ಟಿಗೆಗಳನ್ನು ಹೂವಿನ ಬಳಿಗೆ ಸಾಗಿಸದೆ ಮನೆಯ ಹಿಂದೆ ಇಟ್ಟುಕೊಂಡು ಕೂರುವುದೆಂದರೆ ವರ್ಷದ ಅನ್ನವನ್ನು ಕೈಯಾರೆ ಚೆಲ್ಲಿದಂತೆ. ಹಾಗಾಗಿ ಜೇನಿನವನು ಬೆಳಗಿನಿಂದಲೇ ರಸ್ತೆ ಬದಿಯ ವಾಟರ್ ಸರ್ವಿಸ್ ಅಂಗಳದಲ್ಲಿ ನಿಂತು, ತಾನು ಹೊಸದಾಗಿ ಕೊಂಡ ಹಳೆಯ ಗಾಡಿಯನ್ನು ತೊಳೆದು ಮುಗಿಸುವುದನ್ನೇ ಕಾಯುತ್ತಿದ್ದ.

ಎಂಟು ಜನ ಕೂರುವ ಭಾರೀ ಎಸ್‌ಯುವಿ ಅದು. ಅವನ ಭಾವ ಅದನ್ನು ಬಾಡಿಗೆಗೆ ಓಡಿಸಿ ಓಡಿಸಿ ಮೀಟರು ಮೂರು ಲಕ್ಷ ದಾಟಿತ್ತು. ಸ್ಟೇರಿಂಗಿನ ಹೊದಿಕೆ ಸವೆದು ಹೊಳೆಯುತ್ತಿತ್ತು. ಕ್ಲಚ್ ಪೆಡಲಿನ ರಬ್ಬರು ಒಂದು ಮಗ್ಗುಲಿಗೆ ತೇದುಹೋಗಿ ಕಬ್ಬಿಣ ಇಣುಕುತ್ತಿತ್ತು. ಡ್ರೈವರ್ ಸೀಟಿನಲ್ಲಿ ಭಾವನ ಮೈಯ ಆಕಾರವೇ ಗುಳಿಬಿದ್ದಿತ್ತು. ಆದರೆ ಎಂಜಿನ್ನಿನ ಸದ್ದು ಗಟ್ಟಿಯಾಗಿತ್ತು, ಹೊಗೆಯಿರಲಿಲ್ಲ. ಅಕ್ಕನೇ ಫೋನ್ ಮಾಡಿ, "ಹೊರಗಿನವರಿಗೆ ಯಾಕೆ, ನೀನೇ ತಗೋ. ಆದಾಗ ಕೊಡು," ಅಂದಿದ್ದಳು. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ದೊಡ್ಡವನನ್ನಾಗಿ ಮಾಡಿದವಳು ಆಕೆ. ಅವಳು ಕೊಟ್ಟದ್ದನ್ನು ಹೊರಳಿಸಿ ನೋಡುವ ಅಭ್ಯಾಸ ಅವನಿಗಿರಲಿಲ್ಲ.

"ಮೂರು ಲಕ್ಷ ಓಡಿದೆಯಲ್ಲಪ್ಪ ಇದು," ಎಂದ ಗಾಡಿ ತೊಳೆಯುವ ಮುದುಕ.

"ಇನ್ನೊಂಚೂರು ಓಡಿಸಿದ್ರೆ ಚಂದ್ರನೇ ಸಿಗ್ತಾನೆ ಬಿಡಿ ತಾತ."

ಮುದುಕ ನಗಲಿಲ್ಲ. ನೀರಿನ ಪೈಪನ್ನು ಕೆಳಗಿಟ್ಟು, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಹತ್ತಿರ ಬಂದ. "ನಿನ್ನ ಭಾವನ ಕಾಲದಿಂದ ಇದನ್ನ ತೊಳೀತಿದೀನಿ, ಒಂದು ಮಾತು ಹೇಳ್ತೀನಿ. ಹಿಂದುಗಡೆ ಎಡಕ್ಕೆ ಕೊನೇ ಸೀಟಿದೆಯಲ್ಲ, ಅದರ ಬೆಲ್ಟ್ ಮಾತ್ರ ಹಾಕ್ಬೇಡ. ಗಂಟೆ ಹೊಡ್ಕೊಳ್ಳುತ್ತೆ. ಹೊಡ್ಕೊಳ್ಳಲಿ ಬಿಡು."

"ಹಾಕಿದ್ರೆ?"

"ಹಾಕಿದೋರ ಮನೇಲಿ ಚಿಕ್ಕದು ಯಾವುದಿರುತ್ತೋ ಅದು ಹಾಸಿಗೆ ಹಿಡಿಯುತ್ತೆ. ಮಾಟದ ಸೀಟು ಅದು. ನಾನು ಅಲ್ಲಿಗೆ ಬಟ್ಟೇನೂ ಹಾಕಲ್ಲ. ನೋಡ್ಕೋ, ಅಷ್ಟು ಜಾಗ ಹಾಗೇ ಬಿಟ್ಟಿದೀನಿ."

"ಒರೆಸೋಕೆ ಸೋಮಾರಿತನ ಅಂತ ನೇರವಾಗಿ ಹೇಳಿ ತಾತ. ಮಾಟಕ್ಕೆ ಯಾಕೆ ಕೆಟ್ಟ ಹೆಸರು?"

ಮುದುಕ ಅವನ ಮುಖವನ್ನೊಮ್ಮೆ ನೋಡಿ ಮತ್ತೆ ಪೈಪು ಎತ್ತಿಕೊಂಡ. ಜೇನಿನವನು ಹಿಂಬಾಗಿಲು ತೆರೆದು ಬಗ್ಗಿದ. ಉಳಿದೆಲ್ಲ ಕಡೆ ಸೋಪಿನ ವಾಸನೆ. ಆ ಮೂಲೆಯಲ್ಲಿ ಮಾತ್ರ ಬೇರೆಯದೇ ಒಂದು ವಾಸನೆ ತಂಗಿತ್ತು. ಹಸುಗೂಸಿನ ನೆತ್ತಿಗೆ ಒತ್ತಿದ ಎಣ್ಣೆ, ಬಾಯಿಂದ ಸುರಿದು ಹುಳಿತ ಹಾಲು. ಅಸಹ್ಯವೆನಿಸುವಂಥದ್ದೇನಲ್ಲ. ಅವನು ಒಮ್ಮೆ ಹಿತವಾಗಿಯೇ ಮೂಸಿದ.

ಸಂಜೆ ಜೇನುನೊಣಗಳೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆಗಳ ಬಾಯಿಗೆ ಜಾಲರಿ ಬಡಿದು, ಹೊಗೆ ಹಾಕಿ, ಒಂದೊಂದಾಗಿ ಗಾಡಿಗೇರಿಸಿದ. ಹಿಂದಿನ ಸಾಲಿನ ಬಲಗಡೆಯ ಸೀಟು ಮಡಚಿಕೊಂಡಿತು. ಎಡಗಡೆಯದು ಎಷ್ಟು ಎಳೆದರೂ ಬಗ್ಗಲಿಲ್ಲ. ಅದರ ಸುತ್ತಲೇ ಪೆಟ್ಟಿಗೆಗಳನ್ನು ಹೊಂದಿಸಿದ. ನಾಲ್ಕು ವರ್ಷದ ಮಗಳು, ಕೆನ್ನೆ ತುಂಬಿದ್ದಕ್ಕೆ ಮನೆಯವರೆಲ್ಲ ಗುಂಡಮ್ಮ ಎನ್ನುತ್ತಿದ್ದವಳು, ತಾನೂ ಬರುತ್ತೇನೆಂದು ಹಟ ಹಿಡಿದು ನಡುವಿನ ಸಾಲಿನಲ್ಲಿ ಏರಿ ಕೂತಳು.

ಗಾಡಿ ಹೊರಟದ್ದೇ ತಡ, ಹಿಂದಿನಿಂದ ಶುರುವಾಯಿತು. ಟಿಣ್. ಟಿಣ್. ಟಿಣ್.

ಪೆಟ್ಟಿಗೆಗಳ ಒಳಗಿನ ಗುಂಯ್‌ಗುಡುವಿಕೆ ಆ ಸದ್ದಿಗೆ ಏರುತ್ತಿತ್ತು, ಇಳಿಯುತ್ತಿತ್ತು. ಗುಂಡಮ್ಮ ಎರಡೂ ಕಿವಿ ಮುಚ್ಚಿಕೊಂಡು, "ಅಪ್ಪಾ, ಅದಕ್ಕೆ ಸುಮ್ನಿರೋಕೆ ಹೇಳು," ಎಂದು ಅಳುವ ಧ್ವನಿ ತೆಗೆದಳು. ಅವನು ಬದಿಗೆ ನಿಲ್ಲಿಸಿ ಅಕ್ಕನಿಗೆ ಫೋನ್ ಮಾಡಿದ.

"ಅಕ್ಕಾ, ಆ ಹಿಂದಿನ ಸೀಟಿನ ಗಂಟೆ ತಲೆ ತಿಂತಿದೆ. ತೊಳೆಯೋ ಮುದುಕ ಬೇರೆ ಬೆಲ್ಟ್ ಹಾಕ್ಬೇಡ, ಮಾಟ ಗೀಟ ಅಂತಿದ್ದ. ಏನೇ ಅದು?"

ಆ ಕಡೆ ಪಾತ್ರೆಯೊಂದನ್ನು ಮೆಲ್ಲಗೆ ಕೆಳಗಿಟ್ಟದ್ದು ಕೇಳಿಸಿತು.

"ಹಳೇ ಗಾಡಿ ಅಲ್ವೇನೋ. ಸೆನ್ಸರ್ ಹೋಗಿದೆ. ಬೆಲ್ಟ್ ಹಾಕಿಬಿಡು, ಸುಮ್ಮನಾಗುತ್ತೆ."

"ನೀವೂ ಹಾಗೇ ಮಾಡ್ತಿದ್ರಾ?"

"ಹೂಂ. ನೀನೇ ಹಾಕು." ಹಿಂದೆಯೇ, "ಗುಂಡಮ್ಮ ಚೆನ್ನಾಗಿದಾಳಾ?" ಎಂದಳು. ಅವನು ಉತ್ತರ ಹೇಳುವ ಮೊದಲೇ ಫೋನ್ ಇಟ್ಟಿದ್ದಳು.

ಅವನು ಪೆಟ್ಟಿಗೆಗಳ ನಡುವೆ ತೂರಿ, ಬೆಲ್ಟನ್ನು ಖಾಲಿ ಸೀಟಿನ ಮೇಲೆ ಎಳೆದು ಕಚ್ಚಿಸಿದ. ಖಟ್. ಗಂಟೆ ನಿಂತಿತು. ಬೆಲ್ಟು ಸಡಿಲವಾಗಿ ಜೋತುಬೀಳಬೇಕಿತ್ತು. ಬೀಳಲಿಲ್ಲ. ಒಳಗೆ ಯಾರನ್ನೋ ತಬ್ಬಿಕೊಂಡಂತೆ ಉಬ್ಬಿ ನಿಂತಿತು. ಹಳೇ ಸ್ಪ್ರಿಂಗು ಎಂದುಕೊಂಡು ಅವನು ಕೆಳಗಿಳಿದ.

ಹೊಲದ ಅಂಚಿನಲ್ಲಿ ಪೆಟ್ಟಿಗೆಗಳನ್ನು ಇಳಿಸುವಾಗ ಆ ಸೀಟಿಗೆ ತಾಗಿದ್ದ ಪೆಟ್ಟಿಗೆ ಮಾತ್ರ ಸದ್ದೇ ಮಾಡಲಿಲ್ಲ. ಮುಚ್ಚಳ ಎತ್ತಿದ. ನೊಣಗಳೆಲ್ಲ ದೂರದ ಗೋಡೆಗೆ ಮುತ್ತಿ, ಒಂದರ ಮೇಲೊಂದು ಒತ್ತಿ, ಸತ್ತುಹೋಗಿದ್ದವು. ಸೀಟಿನ ಕಡೆಯ ಮೇಣದ ಎರಿಗಳ ಮೇಲೆ ಒಂದೂ ಇರಲಿಲ್ಲ. ಸೆಕೆ ಹೆಚ್ಚಾಯಿತೇನೋ ಎಂದುಕೊಂಡ.

ಮರುದಿನ ಒಬ್ಬನೇ ಗಾಡಿ ತೆಗೆದಾಗ ನಡುವಿನ ಸಾಲಿನಲ್ಲಿ ಗಂಟೆ ಹೊಡೆಯಿತು. ಇದಕ್ಕೂ ಅದೇ ರೋಗ ಬಂತೇ ಎಂದು ಗೊಣಗಿ, ಕೈ ಹಿಂದಕ್ಕೆ ಚಾಚಿ ಆ ಬೆಲ್ಟನ್ನೂ ಹಾಕಿದ. ಮನೆಗೆ ಬಂದರೆ ಗುಂಡಮ್ಮ ಮಲಗಿದ್ದಳು. ಮೈ ಕಾದ ಹೆಂಚು. ಹೆಂಡತಿ ಮಗುವಿನ ಅಂಗಿ ಮೇಲೆತ್ತಿ ತೋರಿಸಿದಳು. ಎಡ ಭುಜದಿಂದ ಬಲ ಸೊಂಟದವರೆಗೆ ಓರೆಯಾಗಿ ಒಂದು ಪಟ್ಟೆ. ನಾಲ್ಕು ಬೆರಳಿನಗಲ. ಅಂಚು ಗೀಟು ಹಾಕಿದಂತೆ ನೇರ. ನೀಲಿ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಎದೆಯ ಎಕ್ಸ್‌ರೇ ತೆಗೆದರು. ಏನೂ ಇಲ್ಲ ಎಂದರು. ಏನೂ ಇಲ್ಲದ ಮಗು ದಿನದಿನಕ್ಕೆ ಕರಗಿತು. ಕೆನ್ನೆ ಒಳಗೆ ಹೋಯಿತು. ಉಸಿರೆಳೆದಾಗಲೆಲ್ಲ ಆ ಪಟ್ಟೆ ಬಿಗಿಯುತ್ತಿತ್ತು. "ಯಾರೋ ಕಟ್ಟಿ ಹಾಕಿದಾರೆ ಅಂತಾಳೆ ಕಣ್ರೀ," ಎಂದು ಹೆಂಡತಿ ಪಿಸುಗುಟ್ಟಿದಳು. "ಬಿಚ್ಚು ಬಿಚ್ಚು ಅಂತಾಳೆ. ಏನು ಬಿಚ್ಚಲಿ ನಾನು?"

ಅವನು ಓಡಿಹೋಗಿ ಗಾಡಿಯ ಎರಡೂ ಬೆಲ್ಟು ಬಿಚ್ಚಿದ. ಮಗು ಏಳಲಿಲ್ಲ. ಗಾಡಿ ಚಾಲೂ ಮಾಡಿದರೆ ಹಿಂದಿನ ಸೀಟುಗಳೆರಡೂ ತೆಪ್ಪಗಿದ್ದವು. ಗಂಟೆ ಹೊಡೆದದ್ದು ಮುಂದೆ. ಅವನ ಪಕ್ಕದಲ್ಲೇ. ಖಾಲಿ ಸೀಟಿನಲ್ಲಿ.

ಈ ಸಲ ಅವನು ಬೆಲ್ಟ್ ಮುಟ್ಟಲಿಲ್ಲ. ಮೆಕ್ಯಾನಿಕ್ಕಿನ ಹತ್ತಿರ ಒಯ್ದ. ಮೆಕ್ಯಾನಿಕ್ಕು ಕೊನೇ ಸೀಟಿನ ಕೆಳಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದ.

"ಹಿಂದಗಡೆ ಗಂಟೆ ಹೊಡೀತಿತ್ತು ಅಂದ್ರಲ್ಲ, ಅದು ಹೇಗೆ ಸಾರ್? ಈ ಗಾಡೀಲಿ ಮುಂದಿನ ಎರಡು ಸೀಟಿಗೆ ಮಾತ್ರ ಗಂಟೆ. ಹಿಂದಕ್ಕೆ ವೈರೇ ಬಂದಿಲ್ಲ."

ಬೆಲ್ಟು ಕಚ್ಚುವ ಸಂದಿಗೆ ಸ್ಕ್ರೂಡ್ರೈವರ್ ಇಳಿಸಿ ಕೆದಕಿದ. ಕೂದಲಿನ ಒಂದು ಸಿಂಬಿ ಹೊರಬಂತು. ಒರಟು ಬಿಳಿ ಕೂದಲು, ಅದರೊಳಗೆ ಹೊಸೆದ ನವಿರಾದ ಕಪ್ಪು ಕೂದಲು. ಮುದುಕಿಯದು. ಕೂಸಿನದು. ಗಂಟಿನ ಮೇಲೆ ಗಂಟು. ಮೆಕ್ಯಾನಿಕ್ಕು ಅದನ್ನು ಅಲ್ಲೇ ಕೆಡವಿ, ಕೈ ಒರೆಸಿಕೊಳ್ಳುತ್ತ ಹಿಂದೆ ಸರಿದ. "ಗಾಡಿ ತಗೊಂಡು ಹೋಗಿ ಸಾರ್. ದುಡ್ಡು ಬೇಡ."

ಅವನು ನೇರ ಅಕ್ಕನ ಊರಿಗೆ ಹೊರಟ. ದಾರಿಯುದ್ದಕ್ಕೂ ಪಕ್ಕದ ಸೀಟು ಟಿಣ್ ಟಿಣ್ ಎನ್ನುತ್ತಲೇ ಇತ್ತು. ಕಿಟಕಿಗಳೆಲ್ಲ ತೆರೆದಿದ್ದರೂ ಹುಳಿತ ಹಾಲಿನ ವಾಸನೆ ಮೂಗಿಗೆ ಮೆತ್ತಿಕೊಂಡಿತ್ತು. ಅವನು ಎಡಕ್ಕೆ ತಿರುಗಿ ನೋಡಲಿಲ್ಲ.

ಅಕ್ಕನ ಅಂಗಳದಲ್ಲಿ ಎಂಜಿನ್ ಆರಿಸಿದ. ಅವಳ ಮಗ, ಹತ್ತು ವರ್ಷದ ಹುಡುಗ, ನಲ್ಲಿಯ ಕೆಳಗೆ ಬಕೆಟ್ ಇಟ್ಟುಕೊಂಡು ಸ್ನಾನ ಮಾಡುತ್ತಿದ್ದ. ಎರಡು ವರ್ಷ ಹಾಸಿಗೆಯಲ್ಲೇ ಇದ್ದು, ಇವನು ಗಾಡಿ ಕೊಂಡ ವಾರದಲ್ಲೇ ಎದ್ದು ಓಡಾಡಿದ ಎಂದು ಎಲ್ಲರೂ ಸಂತೋಷಪಟ್ಟ ಹುಡುಗ. "ಮಾಮಾ!" ಎಂದು ಕೈಯೆತ್ತಿದ. ಒದ್ದೆ ಎದೆಯ ಮೇಲೆ, ಭುಜದಿಂದ ಸೊಂಟಕ್ಕೆ, ಓರೆಯಾಗಿ, ಮಾಸಿದ ಒಂದು ಪಟ್ಟೆ.

ಜೇನಿನವನು ಗಾಡಿಯಿಂದ ಇಳಿದ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವನು ಎಲ್ಲಿ ನೋಡುತ್ತಿದ್ದಾನೆಂದು ಅವಳಿಗೆ ತಿಳಿಯಿತು.

"ಒಳಗೆ ಬಾ," ಎಂದಳು.

"ಇಲ್ಲೇ ಹೇಳು."

ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು. "ಒಬ್ಬ ಮುದುಕಿ. ಮೊಮ್ಮಗು ಎತ್ಕೊಂಡು ಆಸ್ಪತ್ರೆಗೆ ಅಂತ ನಿನ್ನ ಭಾವನ ಗಾಡಿ ಹತ್ತಿದ್ಲು. ದಾರೀಲೇ ಕೂಸು ಹೋಯ್ತು. ಗಾಡೀಲಿ ಹೆಣ ಇದ್ರೆ ನಾಳೆ ಬಾಡಿಗೆಗೆ ಯಾರು ಹತ್ತುತಾರೆ ಅಂತ ಇವರು ನಡುದಾರೀಲಿ ಇಳಿಸಿದ್ರು. ಯಾರೂ ಇಲ್ಲದ ಕಡೆ. ಮಾಟ ಬಲ್ಲೋಳು ಅಂತ ಆಮೇಲೆ ಗೊತ್ತಾಯ್ತು. ಇಳಿಯೋವಾಗ ಸೀಟಿಗೆ ಏನೋ ಕಟ್ಟಿದ್ಲಂತೆ. 'ನನ್ನ ಕೂಸಿಗೆ ಜಾಗ ಇಟ್ಟಿರು' ಅಂದ್ಲಂತೆ."

"ನಿನಗೆ ಗೊತ್ತಿತ್ತು."

"ಮೊದಲು ಇವರೇ ಬೆಲ್ಟ್ ಹಾಕಿದ್ರು. ಇವನು ಮಲಗಿದ. ಕೇಳದ ಜಾಗ ಇಲ್ಲ ಕಣೋ. ಕೊನೆಗೆ, ಇನ್ಯಾರ ಕೈ ಬೆಲ್ಟ್ ಹಾಕುತ್ತೋ ನಮ್ಮನ್ನ ಬಿಟ್ಟು ಅವರ ಮನೆಗೆ ಹೋಗುತ್ತೆ ಅಂದ್ರು. ಯಾರೂ ಬಲವಂತ ಮಾಡದೆ, ತಾನಾಗೇ ಹಾಕ್ಬೇಕು ಅಂದ್ರು."

"ನಾನೇ ಬೇಕಿತ್ತಾ ಅಕ್ಕಾ?"

"ಹೊರಗಿನವರು ನನ್ನ ಮಾತು ನಂಬ್ತಿದ್ರಾ?" ಅವಳ ಧ್ವನಿ ಒಡೆಯಿತು. "ಬೆಲ್ಟ್ ಹಾಕು ಅಂದ್ರೆ, ಒಂದೇ ಮಾತಿಗೆ ಹಾಕೋನು ನೀನೊಬ್ಬನೇ ಅಲ್ವೇನೋ ಇದ್ದದ್ದು?"

ಅವನಿಗೆ ಕೋಪ ಬರಲಿಲ್ಲ. ಕೋಪ ಬಂದಿದ್ದರೆ ಚೆನ್ನಾಗಿತ್ತು. ಒಳಗೆ ಏನೋ ಕೀಲು ಕಳಚಿ ಬಿದ್ದಂತಾಯಿತು, ಅಷ್ಟೆ. "ಗುಂಡಮ್ಮ ಅತ್ತೆ ಅತ್ತೆ ಅಂತಿದಾಳೆ," ಎಂದ. ಅದು ನಿಜವಾಗಿತ್ತು. "ನೋಡೋದಿದ್ರೆ ಈಗಲೇ ಬಾ. ಇನ್ನೆಷ್ಟು ದಿನವೋ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಭಾವ ಊರಲ್ಲಿರಲಿಲ್ಲ. ಮಗನಿಗೆ, "ತಲೆ ಒರೆಸ್ಕೋ, ಬೇಗ ಬರ್ತೀನಿ," ಎಂದಳು. ಗಾಡಿಯ ಹತ್ತಿರ ಬಂದು, ಹಿಂದಿನ ಸೀಟುಗಳ ಕಡೆ ಕಣ್ಣು ಹೋಗದಂತೆ ಮುಖ ತಿರುಗಿಸಿಕೊಂಡು, ಮುಂದಿನ ಬಾಗಿಲು ತೆರೆದಳು. ಎಡಗಡೆಯದು. ಹತ್ತಿ ಕೂತಳು.

ಆಗ ಅವನಿಗೆ ಹೊಳೆಯಿತು. ಅದು ಮುಂದಕ್ಕೆ ಬಂದದ್ದು ಅವಳಿಗೆ ಗೊತ್ತಿಲ್ಲ.

ಅವನು ತನ್ನ ಜಾಗದಲ್ಲಿ ಕೂತ. ಕೀಲಿ ತಿರುವಿದ. ಟಿಣ್. ಟಿಣ್. ಟಿಣ್. ಅಕ್ಕನಿಗೆ, ತಾನಿನ್ನೂ ಬೆಲ್ಟ್ ಹಾಕಿಲ್ಲವೆಂದೇ ಗಂಟೆ ಎಂದು ಅನ್ನಿಸಿರಬೇಕು. ಬಾಡಿಗೆ ಗಾಡಿಯವನ ಹೆಂಡತಿ, ರೂಢಿಯಾದವಳು. ಅವಳ ಕೈ ತಾನಾಗಿಯೇ ಭುಜದ ಮೇಲಕ್ಕೆ ಹೋಯಿತು. ಬೆಲ್ಟನ್ನು ಹಿಡಿಯಿತು. ಎಳೆಯಿತು. ಬೇಡ ಅನ್ನಬೇಕು. ಒಂದು ಮಾತು. ನಲ್ಲಿಯ ಹತ್ತಿರ ಹುಡುಗ ತಲೆ ಒರೆಸಿಕೊಳ್ಳುತ್ತಿದ್ದ. ಬೇಡ. ಮಗಳ ಉಸಿರು. ನೀಲಿ ಪಟ್ಟೆ. ಬಿಚ್ಚು ಬಿಚ್ಚು. ಅವಳ ಕೈ ಕೆಳಗಿಳಿಯಿತು. ಬೇಡ ಅಕ್ಕಾ. ಬಾಯಿ ತೆರೆಯಿತು. ಮಾತು ಬರಲಿಲ್ಲ.

ಖಟ್.

ಗಂಟೆ ನಿಂತಿತು. ಹಾಲಿನ ವಾಸನೆ ಒಮ್ಮೆಲೇ ಹೋಯಿತು.

ಅಕ್ಕ ತನ್ನ ಎದೆಯ ಮೇಲಿನ ಬೆಲ್ಟನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಅವನ ಬಾಯಿ ಇನ್ನೂ ತೆರೆದೇ ಇತ್ತು.

ನಲ್ಲಿಯ ಹತ್ತಿರ ಬಕೆಟ್ ಉರುಳಿದ ಸದ್ದು.

ಅವಳು ಬೆಲ್ಟ್ ಕಿತ್ತು, ಬಾಗಿಲು ತಳ್ಳಿ, ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಅವನು ಇಳಿಯಲಿಲ್ಲ. ಸ್ಟೇರಿಂಗಿನ ನುಣುಪನ್ನು ಹಿಡಿದು ಕೂತೇ ಇದ್ದ. ಜೇಬಿನಲ್ಲಿ ಫೋನು ನಡುಗಿತು. ಹೆಂಡತಿ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ಎದ್ದು ಕೂತಿದಾಳೆ ರೀ. ಹಾಲು ಕೇಳಿದ್ಲು. ಬಿಚ್ಚಿತು ಅಂದ್ಲು. ಕೇಳಿಸ್ತಿದೆಯಾ? ರೀ?"

ಅವನು ಫೋನನ್ನು ಕಿವಿಯಿಂದ ಇಳಿಸಿದ.

ಅಕ್ಕ ಮಗನನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದಳು. ಹತ್ತು ವರ್ಷದವನ ಉದ್ದ ಕಾಲುಗಳು ಅವಳ ಮೊಣಕಾಲಿಗೆ ಬಡಿಯುತ್ತಿದ್ದವು. ಒದ್ದೆ ಎದೆಯ ಮೇಲೆ ಪಟ್ಟೆ ಮತ್ತೆ ನೀಲಿಗೆ ತಿರುಗಿತ್ತು. ಅವಳು ಬಯ್ಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ಅವನು ಕಾದ. ಹಾಕಿದ್ದರೆ ಇಬ್ಬರ ಲೆಕ್ಕವೂ ಸರಿಹೋಗುತ್ತಿತ್ತು, ಅವಳು ಸಾಕಿದ್ದೂ ಇವನು ಕೈಕೊಟ್ಟದ್ದೂ. ಆಕೆ ರಸ್ತೆಯ ಕಡೆ ನೋಡಿದಳು. ಸುತ್ತಮುತ್ತ ಎಲ್ಲೂ ಬೇರೆ ಗಾಡಿ ಇರಲಿಲ್ಲ. ಹಿಂದಿನ ಬಾಗಿಲು ತೆರೆದು, ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು.

"ಆಸ್ಪತ್ರೆಗೆ ನಡಿ."

ಅವನು ಗೇರು ಹಾಕಿದ. ಗಾಡಿ ಅಂಗಳ ದಾಟಿ ರಸ್ತೆಗೆ ಬಂತು. ಎಲ್ಲ ಸೀಟುಗಳೂ ಸುಮ್ಮನಿದ್ದವು. ಎರಡೂ ಬದಿಗೆ ಹೂವಿನ ಹೊಲ, ಜನರ ಸುಳಿವಿಲ್ಲ. ಹುಡುಗನ ಉಸಿರು ಮಾತ್ರ ಹಿಂದಿನಿಂದ ಬಿಗಿದು ಬಿಗಿದು ಬರುತ್ತಿತ್ತು.

"ಏನೇ ಆದ್ರೂ," ಎಂದಳು ಅಕ್ಕ, ಬಾಡಿಗೆಗೆ ಹತ್ತಿದವಳ ಹಾಗೆ, ಅಂಗಲಾಚುವ ಧ್ವನಿಯಲ್ಲಿ, "ದಾರೀಲಿ ಇಳಿಸ್ಬೇಡಪ್ಪ."