ಬಲಗಡೆಯ ಮುಂದಿನ ಚಕ್ರ

"ಇದು ನಿಮ್ಮ ಗಂಡ ಹೇಳಿದ ಕಾರೇ ತಾನೆ?" ಎಂದು ಮೆಕ್ಯಾನಿಕ್ ಕಂಪ್ಯೂಟರ್ ನೋಡುತ್ತ ಜರ್ಮನ್ನಿನಲ್ಲಿ ಕೇಳಿದ. "ನಾಳೆ ಬೆಳಿಗ್ಗೆ ಎಂಟಕ್ಕೆ ರಿಪೇರಿಯ ಟೆರ್ಮೀನ್ ಬುಕ್ ಆಗಿದೆ. ಹಿಮದಲ್ಲಿ ಜಾರಿ ಫುಟ್‌ಪಾತ್ ಅಂಚಿಗೆ ಗುದ್ದಿದ್ದು, ಬಲಗಡೆಯ ಮುಂದಿನ ಚಕ್ರ. ನಿನ್ನೆ ಸಂಜೆಯೇ ಫೋನ್ ಮಾಡಿದ್ದಾರಲ್ಲ."

"ನನಗೆ ಗಂಡ ಇಲ್ಲ," ಎಂದಳು ಕೀರ್ತಿ.

ಮೆಕ್ಯಾನಿಕ್ ಪರದೆಯ ಮೇಲೆ ಬೆರಳಿಟ್ಟು, "ನಿ... ಜ... ಲಿಂ..." ಎಂದು ಅಕ್ಷರ ಕೂಡಿಸತೊಡಗಿದ.

"ಸಾಕು. ಯಾರಂತ ಗೊತ್ತಾಯಿತು."

ಗೊತ್ತಾದದ್ದೇ ತಡ, ಅವಳ ಕಿವಿಯ ತುದಿಗಳು ಬಿಸಿಯಾದವು. ಅರ್ಧ ಗಂಟೆಯ ಹಿಂದೆ ಆಟೋಬಾನ್ ಹೆದ್ದಾರಿಯಲ್ಲಿ ಸ್ಟೀರಿಂಗ್ ತಾನಾಗಿಯೇ ಬಲಕ್ಕೆ ಎಳೆಯತೊಡಗಿದಾಗ, ಕೆಳಗಿನಿಂದ ಕಟಕಟ ಸದ್ದು ಬಂದಾಗ, ಅವಳು ಬೈದುಕೊಂಡದ್ದು ತನ್ನನ್ನೇ. ನನಗೆ ಸರಿಯಾಗಿ ಓಡಿಸಲು ಬರುವುದಿಲ್ಲ, ನಾನೇ ಏನೋ ತಪ್ಪು ಮಾಡಿದ್ದೇನೆ ಎಂದು. ಹಾಗೇ ಗಾಡಿಯನ್ನು, ಯಾವಾಗಲೂ ಸರ್ವಿಸ್ ಮಾಡಿಸುವ ಈ ವರ್ಕ್‌ಶಾಪಿಗೆ ತಿರುಗಿಸಿದ್ದಳು. ಪಕ್ಕದಲ್ಲಿ ಅಮ್ಮ ಕೂತಿದ್ದರು. ಆರು ವರ್ಷದಿಂದ ಬೊಬ್ಲಿಂಗೆನ್‌ನಲ್ಲಿ ಒಬ್ಬಳೇ ಸಂಸಾರ ಹೂಡಿದ್ದ ಮಗಳನ್ನೂ, ಮಗಳು ಮೆಚ್ಚಿದ ಹುಡುಗ ನಿಜಲಿಂಗಪ್ಪನನ್ನೂ ನೋಡಿ ಹೋಗಲು ಮೈಸೂರಿನಿಂದ ನಿನ್ನೆ ತಾನೇ ಬಂದಿಳಿದ ಅಮ್ಮ.

ಮೆಕ್ಯಾನಿಕ್ ಕಾರನ್ನು ಮೇಲೆತ್ತಿ ಟಾರ್ಚ್ ಬಿಟ್ಟ. ಚಕ್ರವನ್ನು ಗಾಡಿಗೆ ಹಿಡಿದಿಡುವ ಕಬ್ಬಿಣದ ತೋಳು ಒಳಕ್ಕೆ ಬಾಗಿತ್ತು. "ಕ್ವೇರ್‌ಲೆಂಕರ್," ಎಂದ. "ಇದರ ಮೇಲೆ ನೂರಿಪ್ಪತ್ತರ ಸ್ಪೀಡಿನಲ್ಲಿ ಬಂದಿರಾ? ನಿಮ್ಮ ಅದೃಷ್ಟ ದೊಡ್ಡದು."

ಕೀರ್ತಿ ತಿರುಗಿ ಅಮ್ಮನನ್ನು ನೋಡಿದಳು. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಸೀರೆಯ ಮೇಲೆ ಮಗಳ ಇನ್ನೊಂದು ದಪ್ಪ ಜಾಕೆಟ್ ತೊಟ್ಟು ಕೂತಿದ್ದ ವಿಜಯಮ್ಮ ಮೆಲ್ಲಗೆ ಕೇಳಿದರು: "ನಿನ್ನೆ ಡಬ್ ಅಂದಿದ್ದು ಇದೇನಾ?"

"ಏನಂದೆ?"

"ಏನಿಲ್ಲ ಬಿಡು."

"ಅಮ್ಮಾ!"

ವಿಜಯಮ್ಮ ಜಾಕೆಟ್ಟಿನ ಜಿಪ್ಪನ್ನು ಗಲ್ಲದವರೆಗೂ ಎಳೆದುಕೊಂಡರು. "ಆ ಹುಡುಗನದೇನೂ ತಪ್ಪಿಲ್ಲ ಕಣೇ. ನಿನ್ನ ಕಾರಲ್ಲಿ ನನ್ನ ಏರ್‌ಪೋರ್ಟಿಂದ ಕರ್ಕೊಂಡು ಬರ್ತಾ ಇದ್ದ. ಮಂಗಳವಾರ ಅಲ್ವಾ, ಮೂರು ಗಂಟೆಗೆ ರಾಹುಕಾಲ, ಅಷ್ಟರೊಳಗೆ ಮನೆ ಸೇರಿಸಪ್ಪ ಅಂದೆ. ಅವನು ಲೆಕ್ಕ ಹಾಕಿ ಹೇಳ್ದ, ಇಲ್ಲಿ ಚಳಿಗಾಲದಲ್ಲಿ ಸೂರ್ಯ ಹುಟ್ಟೋದೇ ಎಂಟು ಗಂಟೆ ಮೇಲೆ, ಐದಕ್ಕೆ ಮುಂಚೆನೇ ಮುಳುಗ್ತಾನೆ, ಹಗಲನ್ನ ಎಂಟು ಭಾಗ ಮಾಡಿದ್ರೆ ಇಲ್ಲಿ ರಾಹುಕಾಲ ಎರಡೂ ನಲವತ್ತಕ್ಕೇ ಶುರು ಅಂತ. ಎಷ್ಟು ಬುದ್ಧಿವಂತ ನೋಡು ಅಂದ್ಕೊಂಡೆ. ಆಮೇಲೆ ಟೈಮ್ ಕಮ್ಮಿ ಉಳೀತು. ನಿನ್ನ ಮನೆ ಹತ್ರದ ಇಳಿಜಾರಲ್ಲಿ ಸ್ವಲ್ಪ ಜೋರಾಗಿ ಬಂದ. ಜಾರ್ತು."

"ನನಗೆ ಯಾಕೆ ಹೇಳ್ಲಿಲ್ಲ?"

"ನಾನೇ ಬೇಡ ಅಂದೆ. ಮೊದಲೇ ಹೆದರೋ ಜೀವ ನಿಂದು. ಕಾರಿಗೆ ಇಷ್ಟೆಲ್ಲ ಆಗಿದೆ ಅಂತ ನಂಗೇನು ಗೊತ್ತು?"

ಕೀರ್ತಿ ಫೋನ್ ತೆಗೆದಳು. ನಿನ್ನೆಯ ಅವನ ಮೆಸೇಜ್ ಅಲ್ಲೇ ಇತ್ತು: 'ಗುರುವಾರದ ತನಕ ಕಾರು ತೆಗೆಯಬೇಡಿ. ರಸ್ತೆ ಸರಿ ಇಲ್ಲ.' ಅದನ್ನು ಓದಿದಾಗಲೇ ಅವಳಿಗೆ ಉರಿದಿತ್ತು. ಕಾರು ನನ್ನದು, ಕೈಕಾಲು ನನ್ನವು, ತೆಗೆಯಬೇಡಿ ಅನ್ನಲು ಇವನು ಯಾರು? ಆ ಉರಿಯಲ್ಲೇ ಬೇಕೆಂದೇ ಇವತ್ತು ರಜೆ ಹಾಕಿ, ಅಮ್ಮನನ್ನು ಕೂರಿಸಿಕೊಂಡು ಸ್ಟುಟ್‌ಗಾರ್ಟಿಗೆ ಹೊರಟಿದ್ದಳು.

ಅವನು ಒಂದೇ ರಿಂಗಿಗೆ ಎತ್ತಿದ.

"ನಾನು ವರ್ಕ್‌ಶಾಪಲ್ಲಿದೀನಿ. ನೀವು ಟೆರ್ಮೀನ್ ತಗೊಂಡಿರೋ ವರ್ಕ್‌ಶಾಪಲ್ಲಿ, ಸಾರ್."

ಸಿಟ್ಟು ಬಂದಾಗಷ್ಟೇ ಅವಳ ಬಾಯಿಗೆ ಬರುವ 'ಸಾರ್' ಅದು ಎಂದು ಅವನಿಗೆ ಗೊತ್ತು. "ನೀವು ಹೆಂಗದೀರಿ? ಅಮ್ಮಾರಿಗೆ ಏನೂ ಆಗಿಲ್ಲಲ್ಲ?" ಎಂದ. "ಅಲ್ಲೇ ಇರ್ರಿ. ಬಂದೆ."

ಮುಕ್ಕಾಲು ಗಂಟೆಯಲ್ಲಿ ಅವನು ಫೊಯರ್‌ಬಾಕ್‌ನ ತನ್ನ ಕೆಲಸದ ಜಾಗದಿಂದ ಬಂದ. ಸ್ಟೇಷನ್ನಿನಿಂದ ಓಡಿಕೊಂಡೇ ಬಂದಿದ್ದನೆಂದು ಕಾಣುತ್ತದೆ. ರೆಪ್ಪೆಯ ಮೇಲೆ ಹಿಮದ ಹುಡಿ, ಕೊರಳಲ್ಲಿ ಫ್ಯಾಕ್ಟರಿಯ ಐಡಿ ಕಾರ್ಡು. ಒಳಗಿನ ಬೆಚ್ಚನೆಯ ಗಾಳಿಗೆ ಕನ್ನಡಕ ಮಂಜಾಯಿತು. ಅದನ್ನು ತೆಗೆದು, ಅಂಗಿಯ ತುದಿಯಿಂದ ಒರೆಸುತ್ತ, ಏನೂ ಕಾಣದ ಕಣ್ಣುಗಳನ್ನು ಕಿರಿದು ಮಾಡಿ ಅವಳನ್ನು ಹುಡುಕಿದ. ಆ ನೋಟ ಅವಳಿಗೆ ಬಹಳ ಇಷ್ಟ. ಇಷ್ಟವಾಗುತ್ತಿದೆಯಲ್ಲ ಎಂದೇ ಸಿಟ್ಟು ಇನ್ನಷ್ಟು ಏರಿತು.

"ಈ ಕಡೆ," ಎಂದಳು. "ಅದು ಟಯರ್ ರ‍್ಯಾಕ್. ಅದಕ್ಕೆ ಸಾರಿ ಕೇಳ್ಬೇಡಿ."

ಅವನು ಕನ್ನಡಕ ಹಾಕಿಕೊಂಡು ಮೊದಲು ವಿಜಯಮ್ಮನನ್ನು, ಆಮೇಲೆ ಅವಳನ್ನು, ತಲೆಯಿಂದ ಕಾಲಿನವರೆಗೆ ನೋಡಿದ. ಇಬ್ಬರೂ ಇಡಿಯಾಗಿದ್ದಾರೆಂದು ಖಾತ್ರಿಯಾದ ಮೇಲೆಯೇ ಅವನ ಭುಜ ಇಳಿದದ್ದು.

"ಕಾರ್ ತಗೀಬ್ಯಾಡ್ರಿ ಅಂತ ಮೆಸೇಜ್ ಹಾಕಿದ್ನಲ್ರಿ..."

"ಅದು ಹೇಳೋದಾ? ಅದು ಆರ್ಡರ್! ಕಾರಣ ಹೇಳಿದ್ರೆ ನಾನು ಮುಟ್ತಿದ್ನಾ ಅದನ್ನ?" ಅವಳ ದನಿಗೆ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು, ಕಾಫಿ ಕುಡಿಯುವ ನೆಪದಲ್ಲಿ ಹೊರನಡೆದ. "ನಿಮ್ಮ ಕೆಲಸ ಏನ್ರೀ? ಬೆಳಿಗ್ಗಿಂದ ಸಂಜೆವರೆಗೂ ಕಾರಿನ ಸಸ್ಪೆನ್ಷನ್ ಮುರಿದು ಮುರಿದು ಟೆಸ್ಟ್ ಮಾಡೋದು ತಾನೆ? ಬೇರೆಯವರಾದ್ರೆ ಗೊತ್ತಾಗ್ಲಿಲ್ಲ ಅನ್ನಬಹುದು. ನಿಮಗೆ ನೋಡಿದ ತಕ್ಷಣ ಗೊತ್ತಾಗಿರುತ್ತೆ."

"ಗೊತ್ತಾಗಿತ್ರಿ."

"ಮತ್ತೆ?"

"ಅಮ್ಮಾರಿಗೆ ಮಾತು ಕೊಟ್ಟಿದ್ದೆ."

"ಹೂಂ ಕಣೇ, ಪಾಪ, ಅವನು..." ಎಂದು ವಿಜಯಮ್ಮ ಬಾಯಿ ಹಾಕಿದರು.

"ನೀನು ಸುಮ್ನಿರಮ್ಮ. ನಿನ್ನ ಸರದಿ ಆಮೇಲೆ." ಕೀರ್ತಿ ಅವನ ಕಡೆ ಒಂದು ಹೆಜ್ಜೆ ಹತ್ತಿರ ಬಂದಳು. ಅವಳ ದನಿ ಈಗ ತಗ್ಗಿತ್ತು. ತಗ್ಗಿದ ದನಿ ಅವನಿಗೆ ಹೆಚ್ಚು ಭಯ ಹುಟ್ಟಿಸಿತು. "ನನಗೆ ಕಾರಿನ ಚಿಂತೆ ಅಲ್ಲ, ನಿಜಲಿಂಗ. ಕೆರೆ ಹತ್ರ ವಾಕಿಂಗ್ ಹೋದ ಮೊದಲನೇ ದಿನ ನಿಮಗೆ ಏನು ಹೇಳಿದ್ದೆ?"

ಅವನು ತಲೆ ತಗ್ಗಿಸಿದ. ಅವನಿಗೆ ನೆನಪಿತ್ತು. ಕೊನೆಯ ವರ್ಷದ ಪರೀಕ್ಷೆಯ ಹೊತ್ತಿನಲ್ಲಿ ಅವಳ ಅಪ್ಪ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. 'ಮಗು ಓದಿಕೊಳ್ಳಲಿ, ಹೇಳಬೇಡಿ' ಎಂದು ಇಡೀ ಮನೆ ಬಾಯಿ ಹೊಲಿದುಕೊಂಡಿತ್ತು. ಕೊನೆಯ ಪೇಪರ್ ಬರೆದು ನಗುತ್ತ ಹೊರಬಂದವಳಿಗಾಗಿ ಚಿಕ್ಕಪ್ಪ ಗೇಟಿನಲ್ಲಿ ಕಾದಿದ್ದರು. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು; ಅವರ ಜೊತೆ ಒಂದು ಮಾತನ್ನೂ ಆಡಲು ಆಗಲಿಲ್ಲ ಅವಳಿಗೆ.

"ಅದನ್ನ ಕೇಳಿದ ಮೇಲೂ ನೀವು ಅವರ ಗುಂಪಿಗೇ ಸೇರಿದ್ರಿ," ಎಂದಳು. "ನನ್ನ ಒಳ್ಳೇದಕ್ಕೆ ಅಂತ ನನಗೆ ಸುಳ್ಳು ಹೇಳೋ ಗುಂಪಿಗೆ. ಅಂಥ ಇನ್ನೊಂದು ಮನೆ ನನಗೆ ಬೇಡ. ನಾನು ಬದುಕೋಕೆ ಆಗಲ್ಲ ಅದರಲ್ಲಿ."

ವಿಜಯಮ್ಮನ ಕಣ್ಣು ತುಂಬಿ ಬಂತು. ಜಿಪ್ಪನ್ನು ಹಿಡಿದ ಕೈ ಹಾಗೇ ಇತ್ತು.

ನಿಜಲಿಂಗಪ್ಪ ಬಾಗಿದ ಕಬ್ಬಿಣದ ತೋಳಿನ ಮೇಲೆ ಕೈಯಿಟ್ಟ. ಆಮೇಲೆ, "ಅಮ್ಮಾರ ಹೆಸರು ಹೇಳಿದ್ದೂ ಸುಳ್ಳೇರಿ," ಎಂದ. "ಅವರು ಹೇಳಬ್ಯಾಡ ಅಂದಿದ್ದು ನನಗ ಅನುಕೂಲ ಆತು, ಅಷ್ಟ. ಖರೇ ಕಾರಣ ಏನಂದ್ರ, ನನಗ ನಾಚಿಗಿ ಆತು. ಹತ್ತು ವರ್ಷ ಇದೇ ಕೆಲಸ ಮಾಡಾಂವ, ಆಗಬೇಕಾದ ಅತ್ತೀ ಮುಂದ ಶಾಣ್ಯಾತನ ತೋರ್ಸಾಕ ಹೋಗಿ, ಫುಟ್‌ಪಾತಿಗೆ ಗುದ್ದಿ ನಿಂತಿದ್ದೆ. ನೀವು ನಗ್ತೀರಿ ಅಂತ ಅಂಜಿದೆ. ಯಾರಿಗೂ ಗೊತ್ತಾಗದಂಗ ರಿಪೇರಿ ಮಾಡ್ಸಿಬಿಡಬೇಕು ಅಂತ ಇತ್ತು. ಇವತ್ತ ನಿಮ್ಮಿಬ್ಬರಿಗೆ ಏನರ ಆಗಿದ್ರ..."

ಅವನು ಅತ್ತದ್ದನ್ನು ಅವಳು ಎಂದೂ ನೋಡಿರಲಿಲ್ಲ. ಈಗಲೂ ಅವನು ಅಳಲಿಲ್ಲ. ಕನ್ನಡಕ ಮಾತ್ರ ಮತ್ತೆ ಮಂಜಾಯಿತು. ಕೈಚಾಚಿ ಅದನ್ನು ತೆಗೆದು ಒರೆಸಿಕೊಡಬೇಕೆನಿಸಿ, ಅವಳು ಎರಡೂ ಕೈಗಳನ್ನು ಜಾಕೆಟ್ಟಿನ ಜೇಬಿನಲ್ಲಿ ಹುದುಗಿಸಿದಳು.

"ಇನ್ನೇನು ಮುಚ್ಚಿಟ್ಟಿದೀರಿ?"

"ಏನಿಲ್ರಿ..." ಎಂದವನು ತಡೆದ. ವಿಜಯಮ್ಮನತ್ತ ನೋಡಿದ. ಆಮೇಲೆ ಬೇಕೆಂದೇ ಅವರಿಗೆ ಬೆನ್ನು ತಿರುಗಿಸಿ, ಕೀರ್ತಿಯ ಕಣ್ಣನ್ನೇ ನೋಡಿ ನಿಂತ. "ಐತಿ. ಒಂದು ಐತಿ. ಅಲ್ಲಿ ಉತ್ತರದ ತುದಿಗೆ, ಹ್ಯಾಂಬರ್ಗಿನಾಗ ಕೆಲಸ ಬಂದೈತಿ. ವಿಮಾನದ ಚಕ್ರದ ಕೆಲಸ, ನಾ ಬಾಳ ವರ್ಷದಿಂದ ಕಾಯಾಕತ್ತಿದ್ದು. ಸೋಮವಾರದೊಳಗ ಹೂಂ ಅಥವಾ ಊಹೂಂ ಅನ್ಬೇಕು. ಅಮ್ಮಾರು ವಾಪಸ್ ಹೋದ ಮ್ಯಾಲೆ ನಿಮಗ ಹೇಳಿದ್ರಾತು ಅಂತ ಮಾಡಿದ್ದೆ."

ಹೊರಗೆ ಯಾರೋ ಹಿಮ ಗೋರುವ ಸದ್ದು ಗರಗರ ಕೇಳುತ್ತಿತ್ತು.

"ಸೋಮವಾರ," ಎಂದಳು ಕೀರ್ತಿ. "ಇವತ್ತು ಬುಧವಾರ. ಎಷ್ಟು ಧೈರ್ಯ ರೀ ನಿಮಗೆ!"

"ಬೈರಿ. ಎಷ್ಟರ ಬೈರಿ. ಈಗ ಹೇಳದಿದ್ರ ಇನ್ನ ಯಾವತ್ತೂ ಹೇಳಾಕ ಆಗಂಗಿಲ್ಲ ಅನ್ನಿಸ್ತು. ನೀವು ಬ್ಯಾಡ ಅಂದ್ರ, ಬ್ಯಾಡ. ಕೆಲಸ ಅಲ್ಲ, ನಾನ ಬ್ಯಾಡ ಅಂದ್ರೂ... ಅದೂ ನಿಮಗ ಬಿಟ್ಟದ್ದು. ಆದ್ರ ಗೊತ್ತಿದ್ದು ಹೇಳ್ರಿ."

"ಯಾರಿಗೆಲ್ಲ ಹೇಳಿದೀರಿ ಇದನ್ನ?"

"ಯಾರಿಗೂ ಇಲ್ಲ. ನಮ್ಮವ್ವಗೂ ಇಲ್ಲ."

"ನನಗೇ ಮೊದಲು?"

"ನಿಮಗ ಮೊದಲು."

ಅವಳು ಕಾರಿನ ಕೆಳಗೆ ಹೋಗಿ ನಿಂತು, ತನಗೆ ತಲೆಬುಡ ತಿಳಿಯದ ಕಬ್ಬಿಣಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಎದೆಯಲ್ಲಿ ಸಿಟ್ಟು ಹಾಗೇ ಉರಿಯುತ್ತಿತ್ತು. ಆದರೆ ಅದು ಬಿಟ್ಟು ಹೋಗುವ ಸಿಟ್ಟಲ್ಲ, ಸಂಜೆಯವರೆಗೂ ಕೂತು ಜಗಳವಾಡಬೇಕೆನ್ನುವ ಸಿಟ್ಟು. ಜಗಳವಾಡಲು ಇವನೇ ಬೇಕು ಎನ್ನುವುದು ಅವಳಿಗೆ ಹೊಳೆದಾಗ, ಅಳುವೂ ನಗುವೂ ಒಟ್ಟಿಗೇ ಬಂದಂತಾಗಿ, ಎರಡನ್ನೂ ನುಂಗಿಕೊಂಡಳು.

"ಅಮ್ಮಾ," ಎಂದಳು ತಿರುಗಿ. "ನಾನು ಇವರನ್ನೇ ಮದುವೆ ಆಗೋದು."

ವಿಜಯಮ್ಮ ದಡಕ್ಕನೆ ಎದ್ದು ನಿಂತರು. ನಿಜಲಿಂಗಪ್ಪ ಕನ್ನಡಕ ತೆಗೆಯಲು ಎತ್ತಿದ ಕೈ ಅರ್ಧದಲ್ಲೇ ಉಳಿಯಿತು.

"ಆದ್ರೆ ಇವತ್ತು ಇಬ್ಬರ ಹತ್ರಾನೂ ನಾನು ಮಾತಾಡಲ್ಲ," ಎಂದು ಹೇಳಿ, ಅವನ ತಣ್ಣನೆಯ ಕೈಯನ್ನು ತನ್ನ ಜೇಬಿನೊಳಗೆ ಎಳೆದುಕೊಂಡು, ಬಾಗಿಲ ಕಡೆ ನಡೆದಳು.